ಅಡಿಕೆ ತೋಟದ ಅಣಬೆ ರೋಗ: ಮರದ ಬುಡದ ಅಣಬೆಗಳನ್ನು ಗುರುತಿಸುವ ಬಗೆ

ಮಳೆಗಾಲವು ಹಿಡಿದು ಕೆಲವು ವಾರಗಳಾದ ಮೇಲೆ ಮರದ ಬುಡಗಳಿಗೂ, ಹಳೆಯ ಮೋಟುಗಳಿಗೂ, ಬೇಲಿಯ ಗೂಟಗಳಿಗೂ ಹಲಗೆಯಂತೆ ಅಂಟಿಕೊಂಡು ಗಟ್ಟಿಯಾದ ಅಣಬೆಗಳು ಏಳುವುದನ್ನು ತೋಟದವರೆಲ್ಲರೂ ಕಂಡಿರುವರು. ಇವು ನಾಯಿಕೊಡೆಗಳಂತೆ ಎರಡು ದಿನದಲ್ಲಿ ಕೊಳೆತುಹೋಗತಕ್ಕವಲ್ಲ. ಕೆಲವರು ಇಂಥ ಯಾವ ಅಣಬೆಯನ್ನು ಕಂಡರೂ ಭಯಪಟ್ಟು ಒಳ್ಳೆಯ ಮರಗಳನ್ನು ಕಡಿಸುವರು. ಮತ್ತೆ ಕೆಲವರು ಯಾವುದನ್ನೂ ಲಕ್ಷ್ಯಕ್ಕೆ ತಾರದೆ ಸಾಲುಸಾಲಾಗಿ ಮರಗಳನ್ನು ಕಳೆದುಕೊಳ್ಳುವರು. ಅಡಿಕೆ ಸಸಿಯು ಫಲಕ್ಕೆ ಬರಲು 5ರಿಂದ 7 ವರ್ಷ ಹಿಡಿಯುವುದರಿಂದ ಎರಡು ತಪ್ಪುಗಳೂ ಬಹಳ ನಷ್ಟಕರವಾದುವು.

ರೋಗವನ್ನುಂಟುಮಾಡುವ ಅಣಬೆಗೆ ಶಾಸ್ತ್ರಜ್ಞರು ಗ್ಯಾನೋಡರ್ಮ ಲೂಸಿಡಮ್ ಎಂಬ ಹೆಸರನ್ನು ಬಳಸುತ್ತ ಬಂದಿರುವರು. ಈ ಒಂದು ಹೆಸರಿನ ಕೆಳಗೆ ಹಲವು ಜಾತಿಗಳು ಅಡಗಿವೆಯೆಂದು ಈಚಿನ ಪರಿಶೋಧನೆಗಳಿಂದ ತಿಳಿದಿದೆ. ತೋಟದ ಕೆಲಸಕ್ಕೆ ಅದರಿಂದ ವ್ಯತ್ಯಾಸವೇನೂ ಇಲ್ಲ. ಮೈಸೂರು ಸೀಮೆಯ ಅಡಿಕೆಯಲ್ಲಿ ಈ ರೋಗವಿರುವುದನ್ನು ಇ. ಜೆ. ಬಟ್ಲರ್ ಎಂಬವರು 1906ರಲ್ಲಿ ಬರೆದರು, ಎಸ್. ವಿ. ವೆಂಕಟರಾಯನ್ ಎಂಬವರು ಅಡಿಕೆ ಮತ್ತು ತೆಂಗಿನ ಮೇಲೆ ಇದರ ಜೀವನಕ್ರಮವನ್ನು ಶೋಧಿಸಿ 1936ರಲ್ಲಿ ಪ್ರಕಟಿಸಿದರು.

ಇದರ ಮೇಲ್ಭಾಗವು ಅರಗನ್ನು ಬಳಿದಂತೆ ಹೊಳೆಯುವುದು. ಬಣ್ಣವು ಕೆಂಪು ಬೆರೆತ ಕಂದು. ಬೆಳೆಯುತ್ತಿರುವ ಅಂಚು ಮಾತ್ರ ಬಿಳಿ ಅಥವಾ ತಿಳಿಹಳದಿ. ಆಕಾರವು ಬೀಸಣಿಗೆಯಂತಿದ್ದು, ಅನೇಕವೇಳೆ ಪಕ್ಕದಲ್ಲಿ ಒಂದು ಗಿಡ್ಡ ಕಾಂಡವಿರುವುದು. ಕೆಳಭಾಗವು ಬಿಳುಪಾಗಿದ್ದು ಸೂಜಿಯಿಂದ ಚುಚ್ಚಿದಷ್ಟು ಸಣ್ಣ ರಂಧ್ರಗಳಿಂದ ಕೂಡಿರುವುದು. ಬಲಿತ ಅಣಬೆಯಿಂದ ಕಂದುಬಣ್ಣದ ಬೀಜಕಣಗಳು ಉದುರಿ ಅದರ ಮೇಲೆಯೇ ಧೂಳಿನಂತೆ ಕೂರುವುದರಿಂದ ಹೊಳಪು ಮರೆಯಾಗುವುದುಂಟು. ಆದಕಾರಣ ಒದ್ದೆ ಬಟ್ಟೆಯಿಂದ ಒರೆಸಿ ನೋಡದೆ ಹೊಳಪಿಲ್ಲವೆಂದು ತೀರ್ಮಾನಿಸಬಾರದು.

ಇದರ ದಾಯಾದಿಯಾದ ಗ್ಯಾನೋಡರ್ಮ ಅಪ್ಲನೇಟಮ್ ಎಂಬುದಕ್ಕೆ ಹೊಳಪೂ ಇಲ್ಲ, ಕಾಂಡವೂ ಇಲ್ಲ. ಬೂದು ಅಥವಾ ಕಂದುಬಣ್ಣದ ಗಟ್ಟಿ ಹೊರಪದರವಿದ್ದು, ವರ್ಷವರ್ಷವೂ ಬೆಳೆಯುವುದರಿಂದ ಸೀಳಿದರೆ ಒಳಗೆ ಪದರಗಳು ಕಾಣುವುವು. ಕೆಳಭಾಗವನ್ನು ಉಗುರಿನಿಂದ ಗೀಚಿದರೆ ಕಂದು ಗೆರೆ ಮೂಡುವುದೆಂಬ ಪರೀಕ್ಷೆಯು ಪ್ರಸಿದ್ಧವಾದರೂ ಮೊದಲನೆಯದೂ ಹಾಗೆಯೇ ಕಂದುವುದರಿಂದ ಎರಡನ್ನೂ ಬೇರ್ಪಡಿಸಲು ಅದು ಸಾಲದು. ಅಡಿಕೆ, ತೆಂಗುಗಳ ಬುಡದಲ್ಲಿ ಇದು ಕಂಡರೂ ಶಂಕಿಸತಕ್ಕದ್ದೇ.

ಉಳಿದವು ಸಾಮಾನ್ಯವಾಗಿ ಸತ್ತ ಮರವನ್ನು ತಿಂದು ಬದುಕತಕ್ಕವು. ಚರ್ಮದಷ್ಟು ತೆಳುವಾಗಿ, ಮೇಲೆ ಬಳೆಬಳೆಯಾಗಿ ಬಣ್ಣಗಳಿರುವುದು ಟ್ರಮೀಟಿಸ್. ಮೇಲೂ ಕೆಳಗೂ ಕಿತ್ತಳೆಗೆಂಪಾಗಿರುವುದು ಪಿಕ್ನೊಪೋರಸ್. ಹೆಬ್ಬೆರಳಿನ ಉಗುರಿನಷ್ಟಿದ್ದು, ಮೇಲೆ ಬೂದುಬಿಳುಪಿನ ರೋಮವೂ ಕೆಳಗೆ ಸೀಳಿದ ಗರಿಗಳೂ ಇರುವುದು ಷಿಜೋಫಿಲಮ್. ಬೇಲಿಗೂಟದ ಮೇಲೆ ಇವನ್ನು ಕಂಡು ಪಕ್ಕದ ಅಡಿಕೆ ಮರಕ್ಕೆ ಕೊಡಲಿ ಹಾಕಬಾರದು.

ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯತಕ್ಕದ್ದೇನೆಂದರೆ, ಹೊಳೆಯುವ ಅಣಬೆಯು ಬುಡದಲ್ಲಿ ಕಾಣುವ ಹೊತ್ತಿಗೆ ಆ ಮರವು ಸಾಮಾನ್ಯವಾಗಿ ಸತ್ತಿರುವುದು ಅಥವಾ ಸಾಯುತ್ತಿರುವುದು. ಅಣಬೆಯು ರೋಗದ ಫಲವೇ ಹೊರತು ಆರಂಭವಲ್ಲ. ಮೊದಲು ಹೊರಸುತ್ತಿನ ಸೋಗೆಗಳು ಹಳದಿಯಾಗಿ ಬಾಗಿ ಕಾಂಡಕ್ಕೆ ಜೋತುಬೀಳುವುವು. ನೀರು ಸಾಲದ ಮರದಂತೆಯೇ ಕಾಣುವುದು. ಆದರೆ ನೀರಿನ ಕೊರತೆಯ ಮರವು ನೀರುಣಿಸಿದರೆ ಚೇತರಿಸುವುದು, ಇದು ಚೇತರಿಸದು. ತರುವಾಯ ಬುಡದ ಕಾಂಡದಲ್ಲಿ ಕಂದು ಮಚ್ಚೆಗಳೆದ್ದು ಕಪ್ಪುಮಿಶ್ರಿತ ರಸವು ಸೋರುವುದು. ಕಾಯಿ ಉದುರಿ, ಕೊನೆಗೆ ಸುಳಿಯೇ ಬಿದ್ದುಹೋಗುವುದು. ರಸ ಸೋರುವುದನ್ನು ಕಂಡ ಕೂಡಲೆ ಎಚ್ಚರಗೊಳ್ಳಬೇಕು.

ಶಿಲೀಂಧ್ರವು ಬೇರಿನಿಂದ ಬೇರಿಗೆ ಮಣ್ಣಿನಲ್ಲಿಯೇ ಹರಡುವುದು. ಸತ್ತ ಮರವನ್ನು ಕಡಿದು ಬುಡವನ್ನು ಹಾಗೆಯೇ ಬಿಟ್ಟರೆ ಅದು ಆ ಬುಡದಲ್ಲಿ ವರ್ಷಗಟ್ಟಲೆ ಬದುಕಿರುವುದು. ಬುಡವನ್ನು ಬೇರುಸಹಿತ ಅಗೆದು ಸುಡಬೇಕು. ಆ ಸ್ಥಳದ ಸುತ್ತ 1 ಅಡಿ ಅಗಲ, 2 ಅಡಿ ಆಳದ ಕಾಲುವೆಯನ್ನು ತೋಡಬೇಕು. ನೆರೆಯ ಮರಗಳಿಗೆ ವರ್ಷಕ್ಕೆ ತಲಾ 2 ಕಿಲೋಗ್ರಾಂ ಬೇವಿನ ಹಿಂಡಿಯನ್ನು ಕೊಡುವುದು ಹಿತಕರ; ಟ್ರೈಕೋಡರ್ಮವೆಂಬ ಉಪಕಾರಿ ಶಿಲೀಂಧ್ರವನ್ನು ಅದರೊಡನೆ ಬೆರೆಸುವುದುಂಟು. ನೀರು ನಿಲ್ಲುವ ತೋಟಗಳಲ್ಲಿ ಬಸಿಗಾಲುವೆಗಳನ್ನು ಸರಿಪಡಿಸದೆ ಈ ಕ್ರಮಗಳಿಂದ ಪೂರ್ಣ ಫಲ ದೊರೆಯದು. ರೋಗದ ಮರದ ಪಾತಿಯಿಂದ ಒಳ್ಳೆಯ ಮರದ ಪಾತಿಗೆ ನೀರು ಹರಿಯಗೊಡಬಾರದು. ಹೊಂಗೆ, ಗುಲ್ಮೊಹರುಗಳೂ ಈ ಶಿಲೀಂಧ್ರಕ್ಕೆ ಆಶ್ರಯವಾದುದರಿಂದ ಅವನ್ನು ತೋಟದೊಳಗೆ ಬೆಳೆಸದಿರುವುದು ಲೇಸು.

ಗ್ರಾಮದ ಮುಖಂಡರು ಗಮನಿಸತಕ್ಕದ್ದೊಂದುಂಟು. ಎಲ್ಲೆಯ ಮೇಲಿನ ಹಳೆಯ ಮೋಟನ್ನು ಯಾರು ಕೀಳಿಸಬೇಕೆಂಬ ವಾದದಲ್ಲಿ ಮಳೆಗಾಲಗಳು ಕಳೆಯುವುವು. ಅಷ್ಟರಲ್ಲಿ ರೋಗವು ಎರಡು ಕಡೆಯ ಸಾಲುಗಳಿಗೂ ಹತ್ತುವುದು. ಇಂಥಲ್ಲಿ ಖರ್ಚನ್ನು ಇಬ್ಬರಿಗೂ ಹಂಚಿ, ಕಾಲುವೆಯನ್ನು ಎಲ್ಲೆಯ ಮೇಲೆಯೇ ತೋಡಿಸುವುದು ಯುಕ್ತ. ಕೊಳೆರೋಗಕ್ಕೆಂದು ಗೊನೆಗಳಿಗೆ ಸಿಂಪಡಿಸುವ ಬೋರ್ಡೊ ದ್ರಾವಣವು ಬೇರಿನಲ್ಲಿರುವ ಈ ರೋಗವನ್ನು ಮುಟ್ಟದು. ಆ ಖರ್ಚನ್ನು ಇದರ ಲೆಕ್ಕಕ್ಕೆ ಸೇರಿಸಬಾರದು.