ಸೂಜಿಗೆ ಕೆನ್ನೆ ಕೊಡುವ ಮುನ್ನ

ನೋಡವಾ ತಂಗಿ, ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆದ ಮೇಲೂ ಚೊಳಚಗುಡ್ಡದಲ್ಲಿ ವಾರಗಟ್ಟಲೆ ನಾಟಕಗಳು ನಡೆಯುತ್ತವೆ. ಕಂಪನಿಯ ಬ್ಯಾನರಿನಲ್ಲಿ ನಿನ್ನ ಮುಖ ಬಂದಾಗ ಕೆನ್ನೆ ತುಂಬಿರಲಿ, ತುಟಿ ಎದ್ದು ಕಾಣಲಿ ಎನಿಸುವುದು ತಪ್ಪಲ್ಲ. ಆದರೆ ಕಡಿಮೆ ರೊಕ್ಕಕ್ಕೆ ಸಿಲಿಕೋನ್ ಚುಚ್ಚುತ್ತೇವೆ ಎಂದು ಯಾರಾದರೂ ಕರೆದರೆ ಹೋಗಬೇಡ.

ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಒರೆಸಿದರೆ ಬಣ್ಣ ಹೋಗುತ್ತದೆ. ಚರ್ಮದೊಳಗೆ ಇಳಿದ ಸಿಲಿಕೋನ್ ಹಾಗೆ ಹೋಗುವುದಿಲ್ಲ. ಬಿಳಿ ರಕ್ತಕಣಗಳು ಅದನ್ನು ಮುತ್ತಿ ನುಂಗುತ್ತವೆ, ಅರಗಿಸಲಾರವು. ಸೋತ ಕಣಗಳು ಒಂದಕ್ಕೊಂದು ಕೂಡಿ ದೈತ್ಯ ಕಣಗಳಾಗುತ್ತವೆ, ಸುತ್ತ ನಾರು ಬೆಳೆದು ಗಂಟು ಕಟ್ಟುತ್ತದೆ. ವೈದ್ಯರು ಇದನ್ನು ಗ್ರಾನ್ಯುಲೋಮಾ ಎನ್ನುತ್ತಾರೆ. ಹೊಸದರಲ್ಲಿ ಮುಖ ಚೆಂದವೇ ಕಾಣುತ್ತದೆ, ಹುಡುಗಿಯರು ಮೋಸ ಹೋಗುವುದು ಅಲ್ಲೇ. ಗಂಟು ಏಳುವುದು ಎಷ್ಟೋ ವರ್ಷ ಕಳೆದ ಮೇಲೂ ಇರಬಹುದು. ಅಷ್ಟರಲ್ಲಿ ಸಿಲಿಕೋನ್ ಚುಚ್ಚಿದ ಜಾಗ ಬಿಟ್ಟು ಕೆಳಗೂ ಸರಿದಿರಬಹುದು. ಕೊಯ್ದು ತೆಗೆಯಬಹುದು, ಆದರೆ ಮಾಂಸದಲ್ಲಿ ಹರಡಿದ್ದು ಪೂರ್ತಿ ಬರುವುದು ಅಪರೂಪ, ಕಲೆಯಂತೂ ಉಳಿಯುತ್ತದೆ.

ಎರಡನೇ ಮಹಾಯುದ್ಧದ ಆಸುಪಾಸಿನಲ್ಲಿ ಜಪಾನಿನಲ್ಲಿ ಹೆಂಗಸರ ಎದೆಗೆ ಸಿಲಿಕೋನ್ ಚುಚ್ಚಿದರು. ಅಲ್ಲಿಂದ ಅಮೆರಿಕಕ್ಕೆ ಹೋಯಿತು. ಎಷ್ಟೋ ನರ್ತಕಿಯರು ನರಳಿದ ಮೇಲೆ 1975ರಲ್ಲಿ ನೆವಾಡಾ ರಾಜ್ಯ ನಿಷೇಧಿಸಿತು. ಈಗ ಆ ದೇಶದಲ್ಲಿ ಸಿಲಿಕೋನ್ ಎಣ್ಣೆಯನ್ನು ಚುಚ್ಚಲು ಅನುಮತಿ ಇರುವುದು ಕಣ್ಣಿನ ಅಕ್ಷಿಪಟಲದ ಚಿಕಿತ್ಸೆಗೆ ಮಾತ್ರ. ಮೆರೆಯಲೆಂದು ಹೋದ ನಮ್ಮಂಥ ಕಲಾವಿದೆಯರೂ ಸುಟ್ಟುಕೊಂಡರು ಎನ್ನುವುದು ನನಗೆ ಇಂದಿಗೂ ಸಂಕಟ.

ಕೆನ್ನೆ ತುಂಬಿಸಲೇಬೇಕು ಎಂದಿದ್ದರೆ ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆಯಲ್ಲಿ ಚರ್ಮದ ಡಾಕ್ಟರನ್ನು ಮೊದಲು ಕೇಳು. ಹೈಲ್ಯುರಾನಿಕ್ ಆಮ್ಲದ ಫಿಲ್ಲರ್ ಆದರೆ ಅದನ್ನು ಕರಗಿಸುವ ಔಷಧವುಂಟು. ಆ ಫಿಲ್ಲರೂ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಕಣ್ಣೂ ಹೋಗಬಹುದು, ಆದ್ದರಿಂದ ಪಾರ್ಲರಿನ ಕೆಲಸವಲ್ಲ. ಫಿಲ್ಲರಿನ ಸೀಲು ನಿನ್ನೆದುರೇ ಒಡೆಯಲಿ, ಹೆಸರು ಓದಿಸಿಕೋ.

ಮೈಯನ್ನು ಹೆಣ್ಣಾಗಿಸಿಕೊಳ್ಳಲು ಗುಟ್ಟಾಗಿ ಚುಚ್ಚಿಸಿಕೊಳ್ಳುವ ಟ್ರಾನ್ಸ್‌ಜೆಂಡರ್ ಗೆಳತಿಯರಿಗೂ ಇದನ್ನು ಹೇಳು. ಆಸ್ಪತ್ರೆಯಲ್ಲಿ ಮರ್ಯಾದೆ ಸಿಗದೆಂದು ಅವರು ಕಳ್ಳ ಸೂಜಿಗೆ ಹೋಗುತ್ತಾರೆ, ಲೋಕದಲ್ಲೆಲ್ಲ ಹೆಚ್ಚು ಪೆಟ್ಟು ತಿಂದವರಲ್ಲಿ ಅವರೂ ಇದ್ದಾರೆ. ಈಗಾಗಲೇ ಚುಚ್ಚಿಸಿಕೊಂಡವರು ಗಂಟನ್ನು ಹಿಸುಕಬಾರದು, ಶಾಖ ಕೊಡಬಾರದು. ಸಿಲಿಕೋನ್ ರಕ್ತನಾಳಕ್ಕೆ ಹೊಕ್ಕು ಶ್ವಾಸಕೋಶ ಸೇರಿದರೆ ಜೀವಕ್ಕೇ ಅಪಾಯ. ಚುಚ್ಚಿದ ಮೇಲೆ ಜ್ವರ ಬಂದರೆ, ಉಸಿರು ಕಟ್ಟಿದರೆ 108ಕ್ಕೆ ಫೋನು ಮಾಡಲಿ. ಏನು ಚುಚ್ಚಿದರು, ಎಲ್ಲಿ, ಯಾವಾಗ ಎಂಬುದನ್ನು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಲಿ.