ನಾಲ್ಕು ತಂತಿ, ನಾಲ್ಕು ಕಾಳಿ

ನಮ್ಮ ಕಡೆಯ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಹಿಡಿಯುವವನು ಮೊದಲು ತಿಳಿಯಬೇಕಾದ ವಾದ್ಯ ಪೇಟಿ, ಅಂದರೆ ಹಾರ್ಮೋನಿಯಂ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸುತ್ತಿನ ಗಣಪತಿ, ಜಾತ್ರೆ, ಉರುಸು, ಮದುವೆಗಳ ರಸಮಂಜರಿಗಳಲ್ಲಿ ಹಾಡುವವರು ಬಹಳಷ್ಟು ಮಂದಿ ಭಜನಾ ಮೇಳದಿಂದ ಬಂದವರು, ಇಲ್ಲವೇ ಸಣ್ಣಾಟ, ಕಂಪನಿ ನಾಟಕದ ನಂಟಿದ್ದವರು. ಅವರ ಬಾಯಲ್ಲಿ ಡಿ ಶಾರ್ಪ್ ಎಂಬ ಮಾತು ಬರುವುದಿಲ್ಲ. 'ಕಾಳಿ ಎರಡು' ಅನ್ನುತ್ತಾರೆ. ಪೇಟಿಯ ಕಪ್ಪು ಪಟ್ಟಿಗಳು ಐದು ಕಾಳಿ, ಬಿಳಿ ಪಟ್ಟಿಗಳು ಏಳು ಪಾಂಢರಿ. ಗಂಡಸರು ಕಾಳಿ ಒಂದಕ್ಕೋ ಎರಡಕ್ಕೋ ನಿಂತರೆ, ಹೆಣ್ಣುಮಕ್ಕಳು ಕಾಳಿ ನಾಲ್ಕಕ್ಕೋ ಐದಕ್ಕೋ ಏರುತ್ತಾರೆ. ಬೇಸ್ ಗಿಟಾರಿನ ಬಿಟ್ಟ ತಂತಿಗಳು ಮಾತ್ರ ಇ, ಎ, ಡಿ, ಜಿ: ನಾಲ್ಕಕ್ಕೆ ನಾಲ್ಕೂ ಪಾಂಢರಿ. ಹಾಡುವವರ ಷಡ್ಜ ಒಂದು ತಂತಿಯ ಮೇಲೂ ಬಿಡಿಯಾಗಿ ಸಿಗುವುದಿಲ್ಲ.

ಇದಕ್ಕೆ ಮದ್ದು ಹೇಳಿಕೊಟ್ಟವರು ಗಿಟಾರನ್ನು ಜನ್ಮದಲ್ಲಿ ಮುಟ್ಟದ ನಮ್ಮ ತಂಡದ ಪೇಟಿ ಕಾಕಾ. "ತಮ್ಮಾ, ನಿನ್ನ ವಾದ್ಯ ಪಾಂಢರ್ಯಾಗ ಹುಟ್ಟೈತಿ, ನಾವು ಕಾಳ್ಯಾಗ ಹಾಡ್ತೀವಿ. ಅದನ್ನ ಒಂದ ಪಟ್ಟಿ ಕೆಳಗ ಇಳಸು" ಅಂದರು. ನಾಲ್ಕೂ ತಂತಿಯನ್ನು ಅರ್ಧ ಸುರ ಸಡಿಲಿಸಿದೆ. ಇ ಹೋಗಿ ಕಾಳಿ ಎರಡಾಯಿತು, ಎ ಕಾಳಿ ನಾಲ್ಕಾಯಿತು, ಡಿ ಕಾಳಿ ಒಂದು, ಜಿ ಕಾಳಿ ಮೂರು. ನಾಲ್ಕು ತಂತಿ, ನಾಲ್ಕು ಕಾಳಿ! ತಂತಿಯ ಬಿಗಿ ಇಳಿದದ್ದರಿಂದ ಬೆರಳಿಗೂ ಆರಾಮ. ಆವತ್ತಿನಿಂದ ನನ್ನ ವಾದ್ಯ ಹಾಗೇ ಇದೆ. ಮೊಬೈಲಿನಲ್ಲಿ ಬೇಸ್ ಕಲಿಸುವ ಗುರುಗಳು ಯಾರೂ ಇದನ್ನು ಹೇಳಿದ್ದು ನಾನು ಕೇಳಿಲ್ಲ. ಅವರ ಪಕ್ಕದಲ್ಲಿ ಪೇಟಿ ಇರುವುದಿಲ್ಲವಲ್ಲ.

ಸುರ ಕೂಡಿದ ಮೇಲೆ ಎಷ್ಟು ನುಡಿಸಬೇಕು ಅನ್ನುವ ಪ್ರಶ್ನೆ. ಸಿನಿಮಾ ಹಾಡಿಗೆ ಕಷ್ಟವಿಲ್ಲ. 1981ರ 'ಗೀತಾ' ಚಿತ್ರಕ್ಕೆ ಇಳಯರಾಜ, 1987ರ 'ಪ್ರೇಮಲೋಕ'ಕ್ಕೆ ಹಂಸಲೇಖ ಕೊಟ್ಟ ಹಾಡುಗಳಲ್ಲಿ ಬೇಸ್ ಏನು ಮಾಡುತ್ತದೆಂದು ಹೆಡ್‌ಫೋನ್ ಹಾಕಿ ಕೇಳಿದರೆ ಸಾಕು, ಅದೇ ಪಾಠಶಾಲೆ. ಶಿಶುನಾಳ ಶರೀಫರ ತತ್ವಪದ ಬಂದಾಗ ಮಾತ್ರ ಕೈ ಹಿಡಿತದಲ್ಲಿರಬೇಕು. ಏಕತಾರಿಯ ಮೇಲೆ ಬೆಳೆದ ಪದ ಅದು. ಮಾತ್ರೆಗೊಂದು ಕಾರ್ಡ್ ಬದಲಿಸುತ್ತ ಓಡಿದರೆ ಪದದ ಜೀವ ಹೋಗುತ್ತದೆ. ಸಾ, ಪಾ, ಅಪರೂಪಕ್ಕೊಮ್ಮೆ ಕೆಳಗಿನ ನೀ. ಅಷ್ಟೇ. ಇನ್ನು ತಬಲಾದ ಡಗ್ಗಾ ಗುಮಕಿ ಹೊಡೆಯುವ ಜಾಗವೂ ನಮ್ಮ ಜಾಗವೂ ಒಂದೇ. ಇಬ್ಬರೂ ಒಟ್ಟಿಗೆ ತುಂಬಹೋದರೆ ಮುಂದೆ ಕೂತವರಿಗೆ ಬರೀ ಗುಡುಗುಡು. ಡಗ್ಗಾ ಮಾತಾಡುವಾಗ ಬೇಸ್ ಸುಮ್ಮನಿರಬೇಕು. ಸುಮ್ಮನಿರುವುದಕ್ಕೂ ತಾಲೀಮು ಬೇಕು, ನುಡಿಸುವುದಕ್ಕಿಂತ ಹೆಚ್ಚೇ ಬೇಕು.

ತಂತಿಯ ಮೇಲೆ ಬೆರಳು ಜಾರಿಸುವುದನ್ನು ನಾನು ಕಲಿತದ್ದು ಸವದತ್ತಿಯ ಯಲ್ಲಮ್ಮನ ಗುಡ್ಡದಲ್ಲಿ. ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಜೋಗತಿಯರು ಚೌಡಿಕೆ ಹಿಡಿದು ಕೂತಿರುತ್ತಾರೆ. ಕಟ್ಟಿಗೆಯ ಡಬ್ಬಿ, ಕೆಳಗೆ ಚರ್ಮ, ಚರ್ಮದಿಂದ ಹೊರಟ ಒಂದೇ ಒಂದು ತಂತಿ. ಒಂದು ಕೈಯಲ್ಲಿ ಎಳೆಯುತ್ತ ಇನ್ನೊಂದು ಕೈಯಲ್ಲಿ ಮೀಟಿದರೆ ಸುರ ಏರುತ್ತ ಇಳಿಯುತ್ತ ಪದದ ಜೊತೆಗೇ ನಡೆಯುತ್ತದೆ. ಫ್ರೆಟ್ ಇಲ್ಲ, ಗುರುತು ಇಲ್ಲ, ಕಿವಿಯೊಂದೇ ಆಧಾರ. ನಮ್ಮ ಸೀಮೆಯ ಮೊದಲ ಬೇಸ್ ವಾದಕರು ಇವರೇ ಎಂದು ನನ್ನ ಗಟ್ಟಿ ಅಭಿಪ್ರಾಯ. ಕಂಪನಿ ನಾಟಕಗಳಲ್ಲಿ ಆ ಕೆಲಸವನ್ನು ಕಾಲಪೇಟಿಯ ಖರ್ಜದ ಸುರಗಳು ಮಾಡಿದವು. ಇದೇ ಸವದತ್ತಿ ತಾಲ್ಲೂಕಿನ ಏಣಗಿ ಬಾಳಪ್ಪನವರ (1914–2017) ಕಲಾವೈಭವ ನಾಟ್ಯ ಸಂಘದಂಥ ಕಂಪನಿಗಳ ಆಟಗಳನ್ನು ಕಂಡ ಹಿರಿಯರು, ಪರದೆ ಏಳುವ ಮೊದಲು ಎದೆಗೆ ಬಡಿಯುತ್ತಿದ್ದ ಕಾಲಪೇಟಿಯ ದನಿಯನ್ನು ಈಗಲೂ ನೆನೆಯುತ್ತಾರೆ.

ಅಂಗಡಿಯ ಮಾತಿಗೆ ಬರುತ್ತೇನೆ. ನಮ್ಮ ತಾಲ್ಲೂಕು ಊರುಗಳಲ್ಲಿ ತಬಲಾ, ಡಗ್ಗಾ, ದಮ್ಮಡಿ, ತಾಳ, ಪೇಟಿ ರಿಪೇರಿ ಎಲ್ಲ ಸಿಗುತ್ತದೆ. ಬೇಸ್ ಗಿಟಾರಿನ ತಂತಿ ಸಿಗುವುದಿಲ್ಲ. 'ಬೇಸ್ ಐತೇನ್ರಿ' ಅಂದರೆ ಪೇಟಿಯ ರೀಡಿನ ಡಬ್ಬಿ ತೆಗೆದಿಡುತ್ತಾರೆ, ಅವರ ಲೆಕ್ಕದಲ್ಲಿ ಬೇಸ್ ಅಂದರೆ ಅದೇ. ತಂತಿ ಬೇಕಾದರೆ ಬೆಳಗಾವಿ, ಇಲ್ಲವೇ ಹುಬ್ಬಳ್ಳಿ. ಈಗ ಪಾರ್ಸೆಲ್ ಮನೆಗೇ ಬರುತ್ತದೆ ನಿಜ, ಆದರೆ ಶನಿವಾರ ತಂತಿ ಹರಿದು ಭಾನುವಾರ ಕಾರ್ಯಕ್ರಮ ಇದ್ದವನಿಗೆ ಪಾರ್ಸೆಲ್ಲಿನಿಂದ ಏನೂ ಉಪಯೋಗವಿಲ್ಲ. ಅದಕ್ಕೇ ಒಂದು ಜೊತೆ ಚೀಲದಲ್ಲೇ ಇರಬೇಕು. ಹಳೆಯ ತಂತಿಯನ್ನು ಬಿಚ್ಚಿ ಕುದಿಯುವ ನೀರಿನಲ್ಲಿ ಹಾಕಿ, ಒರೆಸಿ, ಪೂರಾ ಒಣಗಿಸಿ ಮತ್ತೆ ಕಟ್ಟಿದರೆ ಬೆವರು, ಜಿಡ್ಡು ಬಿಟ್ಟು ಕೆಲವು ಕಾರ್ಯಕ್ರಮಗಳಿಗೆ ಸಾಕಾಗುವಷ್ಟು ಹೊಳಪು ಬರುತ್ತದೆ. ತಂತಿ ಹಳೆಯದೆಂದು ನಾಚುವುದೂ ಬೇಡ. ಅಮೆರಿಕದ ಮೋಟೌನ್ ಕಂಪನಿಯ ನೂರಾರು ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ (1936–1983) ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲ. ಅದೂ ಬಲಗೈಯ ಒಂದೇ ಬೆರಳಲ್ಲಿ ಮೀಟುತ್ತಿದ್ದ ಮನುಷ್ಯ.

ಸೆಕೆಂಡ್ ಹ್ಯಾಂಡ್ ವಾದ್ಯ ಕೊಳ್ಳುವವರಿಗೆ ನನ್ನ ಸಲಹೆ: ಅಂಗಡಿಯವರು ಆ್ಯಂಪಿಗೆ ಜೋಡಿಸಿ ದಮ್ ದಮ್ ಅನ್ನಿಸುವ ಮೊದಲೇ ಕರೆಂಟಿಲ್ಲದೆ ನುಡಿಸಿ ನೋಡಿ. ಆ್ಯಂಪಿನ ಬೇಸ್ ಗುಂಡಿ ಪೂರ್ತಿ ತಿರುಗಿಸಿದರೆ ಎಂಥ ಹಲಗೆಯೂ ಗುಡುಗುತ್ತದೆ. ಒಂದೊಂದು ತಂತಿಯನ್ನೂ ಒಂದೊಂದು ಮನೆಯಲ್ಲೂ (ಫ್ರೆಟ್) ಒತ್ತಿ ಮೀಟಿ, ಎಲ್ಲಿ ಜರ್ ಅನ್ನುತ್ತದೆ ಕೇಳಿ. ಕುತ್ತಿಗೆಯನ್ನು ಕಣ್ಣಿನ ನೇರಕ್ಕೆ ಹಿಡಿದು ಬಾಗು ನೋಡಿ. ಮೊದಲ ಮನೆ, ಕೊನೆಯ ಮನೆ ಎರಡನ್ನೂ ಒತ್ತಿ ಹಿಡಿದಾಗ ಏಳನೇ ಮನೆಯ ಹತ್ತಿರ ತಂತಿಯ ಕೆಳಗೆ ಒಂದು ವಿಸಿಟಿಂಗ್ ಕಾರ್ಡ್ ಹಿಡಿಯುವಷ್ಟು ಸಂದು ಇದ್ದರೆ ಸರಿ. "ಕಾಕಾ, ಒಂದ ತಾಸ ಕುಂತು ನೋಡ್ತೀನ್ರಿ" ಎಂದು ಮರ್ಯಾದೆಯಿಂದ ಕೇಳಿದರೆ ಬೇಡ ಅನ್ನುವ ಅಂಗಡಿಯವರು ಕಡಿಮೆ. ಚಹಾನೂ ತರಿಸುತ್ತಾರೆ.

ನನ್ನ ವಾದ್ಯದಲ್ಲಿ ಒಂದು ತಂತಿ ಬಿಟ್ಟು ಮೀಟಿದಾಗಲೆಲ್ಲ ಜರ್ ಅನ್ನುತ್ತಿತ್ತು. ಗಿಟಾರ್ ಅಂಗಡಿಯೊಂದರಲ್ಲಿ 'ಹೊಸದು ತಗೊಳ್ರಿ' ಅಂದರು. ಮದುವೆಯೊಂದಕ್ಕೆ ಮೀರಜಿಗೆ ಹೋದವನು ವಾದ್ಯವನ್ನೂ ಒಯ್ದಿದ್ದೆ. ಸಿತಾರ್, ತಂಬೂರಿ ಮಾಡುವ ಅಲ್ಲಿನ ಓಣಿಯ ಕೆಲಸಕ್ಕೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಹಿರಿಯ ಕುಶಲಕರ್ಮಿಯೊಬ್ಬರು ಬೇಸ್ ಗಿಟಾರನ್ನು ತಿರುವಿ ಮುರುವಿ ನೋಡಿ, ತಂತಿಯನ್ನು ಒಮ್ಮೆ ಮೀಟಿ, ಕಿವಿಯನ್ನು ಕುತ್ತಿಗೆಯ ತುದಿಗೆ ಹಚ್ಚಿದರು. ತಂತಿ ಕೂರುವ ಪ್ಲಾಸ್ಟಿಕ್ ಪಟ್ಟಿಯ ಗೀರು ಆಳವಾಗಿದೆ ಅಂದರು. ಅದನ್ನು ಕಿತ್ತು, ಎಲುಬಿನ ತುಂಡೊಂದನ್ನು ಕಾನಸಿನಿಂದ ಉಜ್ಜಿ ಉಜ್ಜಿ ಅಳತೆಗೆ ತಂದು, ಪ್ರತಿ ಗೀರನ್ನೂ ಒಂದೆರಡು ಸಲ ತಿಕ್ಕಿ, ತಂತಿ ಮೀಟಿ ಕೇಳಿ, ಮತ್ತೆ ತಿಕ್ಕಿ ಕೂರಿಸಿದರು. ತಂಬೂರಿಗೆ ಜವಾರಿ ಕೂರಿಸುವ ಕೈ ಅದು. ತಂಬೂರಿಯಲ್ಲಿ ಝೇಂಕಾರ ಬರುವಂತೆ ತಿಕ್ಕುವ ಕೈಗೆ ಗಿಟಾರಿನಲ್ಲಿ ಅದು ಬರದಂತೆ ತಿಕ್ಕುವುದು ಏನು ಮಹಾ? ಆ ಎಲುಬು ಇವತ್ತಿಗೂ ನನ್ನ ವಾದ್ಯದಲ್ಲಿದೆ.

ಹವಾಮಾನವೂ ಲೆಕ್ಕಕ್ಕೆ ಬರುತ್ತದೆ. ಕಿತ್ತೂರು ಮಲೆನಾಡಿನ ಸೆರಗು, ರಾಮದುರ್ಗ ಬಯಲುಸೀಮೆಯ ಬಿಸಿಲು. ಮಳೆಗಾಲದಲ್ಲಿ ಕಿತ್ತೂರಿನ ಕಡೆ ಸರಿ ಇದ್ದ ಕುತ್ತಿಗೆ ಮಾರ್ಚಿನಲ್ಲಿ ರಾಮದುರ್ಗಕ್ಕೆ ಹೋದರೆ ಬೇರೆಯೇ ಬಾಗು ತೋರಿಸುತ್ತದೆ. ಒಳಗಿನ ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿ ಒಂದು ರಾತ್ರಿ ಬಿಡಬೇಕು, ಅವಸರ ಕೂಡದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ಊರಿಗೆ ರೈಲು ಇಲ್ಲದ್ದರಿಂದ ವಾದ್ಯ ಬಸ್ಸಿನಲ್ಲೇ ಬರಬೇಕು. ನಾಲ್ಕು ಅಡಿಯ ಚೀಲ ಕಂಡು ಕಂಡಕ್ಟರ್ "ಏನ್ರಿ ಇದು, ಕೂರಿಗಿ ಏನು?" ಎಂದು ಲಗೇಜ್ ಹರಿಯುತ್ತಾರೆ. ಹರಿಯಲಿ, ಟಾಪಿನ ಮೇಲೆ ಮಾತ್ರ ಹಾಕಬೇಡಿ.

ವೇದಿಕೆಯಲ್ಲಿ ಬೇಸ್ ವಾದಕನ ಹಣೆಬರಹ ಸೌಂಡಿನವರ ಕೈಯಲ್ಲಿದೆ. ಸಣ್ಣ ಹಳ್ಳಿಗಳಲ್ಲಿ ಇನ್ನೂ ಹಾರ್ನ್ ಸ್ಪೀಕರು. ಬೇಸಿನ ದಪ್ಪ ತಂತಿಯ ಕಂಪನ ಸೆಕೆಂಡಿಗೆ 41, ಕಾಳಿಗೆ ಇಳಿಸಿದರೆ 39. ಹಾರ್ನಿನಲ್ಲಿ ಅದು ಹೊರಗೇ ಬರುವುದಿಲ್ಲ. "ಮಾಸ್ತರ, ಗಿಟಾರ ಬಂದ್ ಇಟ್ಟೀರೇನ್ರಿ? ಕೇಳಸವಲ್ದು" ಎಂದು ಸೌಂಡಿನವರು ಕೂಗಿದಾಗ ವಾಲ್ಯೂಮ್ ಏರಿಸಿ ಪ್ರಯೋಜನವಿಲ್ಲ, ಐದನೇ ಮನೆಯಿಂದ ಮೇಲೆ, ಸಣ್ಣ ತಂತಿಗಳ ಮೇಲೆ, ಬೆರಳನ್ನು ಬ್ರಿಜ್ಜಿನ ಹತ್ತಿರ ತಂದು ನುಡಿಸಬೇಕು. ಮೂಲ ಸುರ ಸ್ಪೀಕರಿನಲ್ಲಿ ಬಾರದಿದ್ದರೂ ಅದರ ಮೇಲಿನ ಸ್ವರಾಂಶಗಳು ಬಂದರೆ ಸಾಕು, ಕೇಳುವವರ ಕಿವಿ ಕೆಳಗಿನದ್ದನ್ನು ತಾನೇ ತುಂಬಿಕೊಳ್ಳುತ್ತದೆ. ಇನ್ನು ಊರು ದೊಡ್ಡದಾದರೆ ಡಾಲ್ಬಿ. ಅಲ್ಲಿ ಉಲ್ಟಾ ಕಷ್ಟ: 18 ಇಂಚಿನ ಸ್ಪೀಕರುಗಳ ಗೋಡೆ, ಏನು ನುಡಿಸಿದರೂ ಒಂದೇ ಧಂ. ಕೆಳಗಿನದ್ದನ್ನು ಕಡಿಮೆ ಮಾಡಿ ನಡುವಿನದ್ದನ್ನು ಏರಿಸಿದರೆ ಸುರ ಯಾವುದೆಂದಾದರೂ ತಿಳಿಯುತ್ತದೆ. ದುಬಾರಿ ಆ್ಯಂಪು ಹೊತ್ತು ತಿರುಗುವುದಕ್ಕಿಂತ ಒಂದು ಡಿಐ ಬಾಕ್ಸ್ ಇಟ್ಟುಕೊಳ್ಳುವುದು ಲೇಸು. ವೇದಿಕೆಯಿಂದ ಮಿಕ್ಸರಿನವರೆಗೆ ಉದ್ದ ವೈರು ಎಳೆದರೂ ಗುಂಯ್ ಅನ್ನುವುದಿಲ್ಲ. ಹಾಂ, ಆ ಗುಂಯ್‌ಗೂ ಒಂದು ಸುರ ಇದೆ. ನಮ್ಮ ಕರೆಂಟು 50 ಹರ್ಟ್ಸ್, ಪಾಂಢರಿ ಐದು 49. ಹಾಗಾಗಿ ಕರೆಂಟಿನ ಗುಂಯ್ ಪಾಂಢರಿ ಐದಕ್ಕಿಂತ ಒಂದು ಎಳೆ ಮೇಲೆ ನಿಲ್ಲುತ್ತದೆ. ಜನರೇಟರಿನ ಮೇಲೆ ನುಡಿಸುವಾಗ ಅದು ಕೆಳಗಿಳಿಯತೊಡಗಿದರೆ ಜನರೇಟರಿನ ವೇಗ ಕುಸಿಯುತ್ತಿದೆ ಎಂದರ್ಥ.

ಒಳ್ಳೆಯ ಸೌಂಡ್ ಹೇಗಿರುತ್ತದೆಂದು ನೋಡಬೇಕಾದರೆ ಕಿತ್ತೂರು ಉತ್ಸವಕ್ಕೆ ಹೋಗಿ. 1824ರ ಅಕ್ಟೋಬರ್ 23ರಂದು ಚನ್ನಮ್ಮನ ಪಡೆ ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ವರ್ಷವೂ 23ರಿಂದ 25ರವರೆಗೆ ನಡೆಯುತ್ತದೆ. ರಾತ್ರಿಯ ನೂಕುನುಗ್ಗಲಿಗಿಂತ ಮಧ್ಯಾಹ್ನದ ಸೌಂಡ್ ಚೆಕ್ ನೋಡುವಂಥದ್ದು. ದೊಡ್ಡ ತಂಡದ ಬೇಸ್ ವಾದಕ ಒಂದೇ ಸುರವನ್ನು ಹತ್ತು ನಿಮಿಷ ಹೊಡೆಯುತ್ತ ನಿಂತಿರುತ್ತಾನೆ, ಮಿಕ್ಸರಿನವನು ಡ್ರಮ್ಮಿನ ಕಿಕ್ಕಿಗೂ ಅದಕ್ಕೂ ಜಾಗ ಹಂಚುತ್ತಿರುತ್ತಾನೆ. ನಮ್ಮ ಹುಡುಗರು ಆ ಹೊತ್ತಿನಲ್ಲಿ ಸೆಲ್ಫಿ ತೆಗೆಯುತ್ತಾರೆ.

ನಮ್ಮ ಹೊಟ್ಟೆಯ ಮೇಲೆ ಹೊಡೆದದ್ದು ಕೀಬೋರ್ಡಿನ ಎಡಗೈ. ಕಾರ್ಡ್ ಒತ್ತಿದರೆ ಡ್ರಮ್ಮು, ಬೇಸು ಎಲ್ಲ ಅದೇ ಬಾರಿಸುತ್ತದೆ. ತಂಡದ ಮಾಲೀಕರಿಗೆ ಒಬ್ಬರ ಪಗಾರ, ಗಾಡಿಯಲ್ಲಿ ಒಂದು ಸೀಟು ಉಳಿಯಿತು. ಈಗಂತೂ ಟ್ರ್ಯಾಕ್ ಹಚ್ಚಿ ಹಾಡುವವರೇ ಹೆಚ್ಚು. ಅವರನ್ನು ನಾನು ಬೈಯುವುದಿಲ್ಲ, ಹೊಟ್ಟೆಪಾಡು ಎಲ್ಲರದೂ. ಆದರೆ ನಮ್ಮೂರ ವೇದಿಕೆಯ ರೀತಿಯೇ ಬೇರೆ. ಚರಣ ಹಾಡುವಾಗ ಅತಿಥಿಗಳು ಬರುತ್ತಾರೆ, ಶಾಲು, ಹಾರ, ಎರಡು ಮಾತು, ಆಮೇಲೆ "ಹಾಂ, ಮುಂದುವರಸ್ರಿ". ಟ್ರ್ಯಾಕು ಅಲ್ಲಿ ತಬ್ಬಿಬ್ಬಾಗುತ್ತದೆ. ನಾಲ್ಕು ಜನ ಕೂಡಿ ನುಡಿಸುವ ತಂಡ ಎಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ಬಂದ್ ಅನ್ನುವ 2000ದ ನಿಯಮದಿಂದ ಸನ್ಮಾನಕ್ಕೆ ಹೋದ ಹೊತ್ತು ಹಾಡಿಗೆ ವಾಪಸು ಬರುವುದಿಲ್ಲ, ಅದು ಬೇರೆ ಮಾತು. ಕೀಬೋರ್ಡ್ ಅಣ್ಣಂದಿರಿಗೆ ಒಂದೇ ವಿನಂತಿ: ವೇದಿಕೆಯ ಮೇಲೆ ಬೇಸ್ ವಾದಕನಿದ್ದಾಗ ನಿಮ್ಮ ಎಡಗೈಯ ಬೇಸ್ ಬಂದ್ ಮಾಡಿ. ಎರಡು ಬೇಸು ಕೂಡಿದರೆ ಒಂದೂ ಕೇಳುವುದಿಲ್ಲ.

ಕೊನೆಯದು ಗಣಪತಿ ಮಂಡಳಿಯವರಿಗೆ. ನಮ್ಮ ಕಡೆ ವೇದಿಕೆಗೆ ಪೂಜೆ ಆದ ಮೇಲೆ ಚಪ್ಪಲಿ ಹಾಕಿ ಹತ್ತುವ ರೂಢಿಯಿಲ್ಲ. ಭಾದ್ರಪದದ ಮಳೆಗೆ ಜಮಖಾನೆ ಹಸಿ, ಕಾಲು ಬರಿಗಾಲು, ಕೈಯಲ್ಲಿ ಉಕ್ಕಿನ ತಂತಿ. ತಂತಿಗೆ ಆ್ಯಂಪಿನ ಅರ್ತ್, ಮೈಕಿಗೆ ಮಿಕ್ಸರಿನ ಅರ್ತ್. ಎರಡರಲ್ಲಿ ಒಂದು ತಪ್ಪಿದ್ದರೂ, ಕೋರಸ್ಸಿಗೆಂದು ತುಟಿ ಮೈಕಿಗೆ ತಾಗಿದ ಗಳಿಗೆಯಲ್ಲಿ ಕರೆಂಟು ಮೈಯೊಳಗಿಂದ ಹಾಯಬಹುದು. ಒಂದು ಊರಲ್ಲಿ ನನಗದು ಆಗಿದೆ. ಹಿಂದಕ್ಕೆ ಬಿದ್ದೆ, ಡ್ರಮ್ಮಿನವ ಹಿಡಿದ. ಈಗ ನಾನು ಚೀಲದಲ್ಲಿ ಸಣ್ಣ ವೋಲ್ಟ್ ಮೀಟರ್ ಇಟ್ಟುಕೊಂಡಿದ್ದೇನೆ. ತಂತಿಗೊಂದು ಕಡ್ಡಿ, ಮೈಕಿನ ಜಾಳಿಗೆಗೊಂದು ಕಡ್ಡಿ ಹಚ್ಚಿ ಮುಳ್ಳು ಸೊನ್ನೆಯ ಹತ್ತಿರ ನಿಂತರೆ ಮಾತ್ರ ನುಡಿಸುತ್ತೇನೆ. ಮಂಟಪಕ್ಕೆ, ಲೈಟಿಂಗಿಗೆ, ಡಾಲ್ಬಿಗೆ ಇಷ್ಟೆಲ್ಲ ಖರ್ಚು ಮಾಡುವ ನೀವು ವೇದಿಕೆಯ ಹಿಂದೆ ಒಂದು ಅರ್ತಿಂಗ್ ಪೈಪ್ ಹುಗಿಸಿ, ಇದ್ದಲಿ, ಉಪ್ಪು ಹಾಕಿ ನೀರು ಬಿಡಿಸಿ. ಸೋರಿಕೆ 30 ಮಿಲಿಆಂಪಿಯರ್ ಮುಟ್ಟುತ್ತಲೇ ಕರೆಂಟು ಕಡಿಯುವ ಆರ್‌ಸಿಸಿಬಿ ಒಂದನ್ನು ಬೋರ್ಡಿಗೆ ಹಾಕಿಸಿ. ಲೈಸೆನ್ಸ್ ಇದ್ದ ಎಲೆಕ್ಟ್ರಿಷಿಯನ್ ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ.