ಪಿಸ್ತೂಲಿನ ಗುರಿಯೂ ಕಣ್ಣಿನ ಮಿತಿಯೂ

೨೦೧೨ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಜಯ್ ಕುಮಾರರು ೨೫ ಮೀಟರ್ ರ‍್ಯಾಪಿಡ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ ಬೆಳ್ಳಿಯ ಪದಕವನ್ನು ಪಡೆದರು. ಅರೆಸ್ವಯಂಚಾಲಿತ ಪಿಸ್ತೂಲನ್ನು ಬಳಸುವ ಈ ಸ್ಪರ್ಧೆಯಲ್ಲಿ ದುರ್ಬೀನಿಗೆ ಎಡೆಯಿಲ್ಲ. ಗುರಿ ಹಿಡಿಯಲು ಇರುವ ಸಾಧನಗಳು ಎರಡೇ: ನಳಿಕೆಯ ತುದಿಯ ಬಳಿ ನಿಂತ ಪುಟ್ಟ ಕಡ್ಡಿ, ಹಿಂಬದಿಯಲ್ಲಿ ಚೌಕ ಕಚ್ಚುಳ್ಳ ಪಟ್ಟಿ. ಇವನ್ನು ಆರಿಸುವ ಬಗೆಯನ್ನು ರೇಖಾಗಣಿತದಿಂದಲೇ ತಿಳಿಯಬಹುದು.

ಕಡ್ಡಿಗೂ ಕಚ್ಚಿಗೂ ನಡುವೆ ೨೦೦ ಮಿಲಿಮೀಟರ್ ಅಂತರವಿದೆಯೆನ್ನೋಣ. ಕಡ್ಡಿಯು ಕಚ್ಚಿನ ನಡುವಿನಿಂದ ಒಂದೇ ಮಿಲಿಮೀಟರ್ ಸರಿದರೂ, ಸಮರೂಪ ತ್ರಿಭುಜಗಳ ನಿಯಮದಂತೆ, ೨೫ ಮೀಟರ್ ದೂರದಲ್ಲಿ ಗುಂಡು ೧೨೫ ಮಿಲಿಮೀಟರ್ ತಪ್ಪುವುದು. ಹತ್ತು ಅಂಕದ ಬದಲು ಎಂಟು ದೊರೆಯುವುದು. ಅಂತರವು ಅರ್ಧವಾದರೆ ತಪ್ಪು ಇಮ್ಮಡಿ. ಆದರೆ ಪಿಸ್ತೂಲು ಓರೆಯಾಗದೆ ಇಡಿಯಾಗಿ ಒಂದು ಸೆಂಟಿಮೀಟರ್ ಪಕ್ಕಕ್ಕೆ ಸರಿದರೆ ಗುಂಡೂ ಅಷ್ಟೇ ಸರಿಯುವುದು. ಕೈನಡುಕಕ್ಕೆ ಅಂಜುವ ಹೊಸಬರು ಈ ಭೇದವನ್ನು ಗಮನಿಸುವುದು ವಿರಳ.

ಇನ್ನು ಕಣ್ಣಿನ ತೊಡಕು. ಅದರ ಮಸೂರವು ಏಕಕಾಲದಲ್ಲಿ ಒಂದೇ ದೂರದ ವಸ್ತುವನ್ನು ಸ್ಪಷ್ಟವಾಗಿ ತೋರಿಸಬಲ್ಲುದು. ಆದುದರಿಂದ ನುರಿತವರು ಕಡ್ಡಿಯ ಮೇಲೆಯೇ ದೃಷ್ಟಿಯಿಟ್ಟು ಗುರಿಫಲಕವು ಮಸುಕಾಗಲು ಬಿಡುವರು. ಕಡ್ಡಿಯು ಚೌಕ ಅಂಚಿನದಾಗಿ, ಹೊಳಪಿಲ್ಲದ ಕಪ್ಪಾಗಿರಬೇಕು. ಹೊಳೆಯುವ ಲೋಹಕ್ಕೆ ಒಂದೇ ಪಕ್ಕದಿಂದ ಬೆಳಕು ಬಿದ್ದರೆ ಅದರ ನಡುವೇ ಸರಿದಂತೆ ತೋರುವುದು. ಕಡ್ಡಿಯ ಇಕ್ಕೆಲಗಳಲ್ಲಿ ಬೆಳಕಿನ ಗೆರೆ ಕಾಣುವಷ್ಟು ಕಚ್ಚು ಅಗಲವಾಗಿರಬೇಕು. ಎರಡು ಗೆರೆಗಳು ಸಮವೇ ಎಂಬುದನ್ನು ನಮ್ಮ ಕಣ್ಣು ಚೆನ್ನಾಗಿ ಅಳೆಯಬಲ್ಲುದು. ೪ ಸೆಕೆಂಡುಗಳಲ್ಲಿ ೫ ಗುಂಡು ಹಾರಿಸುವವರಿಗೆ ಗೆರೆ ತುಸು ದಪ್ಪವಾಗಿರುವುದೇ ಲೇಸು.

ಹಿಂದಣ ಪಟ್ಟಿಯನ್ನು ತಿರುಪಿನಿಂದ ಸರಿಸುವಂತಿರಬೇಕು. ಗುಂಡು ಎಡಕ್ಕೆ ಬಿದ್ದರೆ ಪಟ್ಟಿಯನ್ನು ಬಲಕ್ಕೆ, ಕೆಳಗೆ ಬಿದ್ದರೆ ಮೇಲಕ್ಕೆ ಸರಿಸುವುದು. ಮುಂದಣ ಕಡ್ಡಿಯನ್ನು ಸರಿಸುವುದಾದರೆ ಇದಕ್ಕೆ ವಿರುದ್ಧ.